ಹಿಡಿಮಣ್ಣಿನ ದಿಬ್ಬ

ಈ ನಗರವು ಕೋಟೆಯೊಳಗಿನ ನಾಲ್ಕು ಓಣಿಗಳಷ್ಟೇ ಆಗಿದ್ದ ಪೂರ್ವಕಾಲದಲ್ಲಿ, ಇಂದು ಶಿಲುಬೆಗಳು ಸಾಲಾಗಿ ನಿಂತಿರುವ ಈ ಕ್ರೈಸ್ತ ರುದ್ರಭೂಮಿಯು ಮುಳ್ಳುಕಂಟಿ ಬೆಳೆದ ಬರಿಯ ಬಯಲಾಗಿತ್ತು. ಆಗ ಗಾಡಿಚಕ್ರ ಮಾಡುವ ಬಡಗಿ ಇನಾಸನೂ ಅವನ ಹೆಂಡತಿ ಸೆರಪಿನಳೂ ಕಡಲತೀರದಿಂದ ಘಟ್ಟ ಹತ್ತಿ ಬಂದು ಇಲ್ಲಿ ನೆಲೆಸಿದರು. ಏಸುವನ್ನು ನೆನೆಯುವ ಮನೆ ಊರಿಗೆಲ್ಲ ಅದೊಂದೇ. ತವರಿನ ಅಂಗಳದ ಕೆಂಪು ಮಣ್ಣನ್ನು ಸೆರಪಿನ ಬಟ್ಟೆಯಲ್ಲಿ ಗಂಟುಕಟ್ಟಿ ತಂದಿದ್ದಳು. ಪರಸ್ಥಳದಲ್ಲಿ ಕಣ್ಣು ಮುಚ್ಚಿದರೆ ತನ್ನ ಎದೆಯ ಮೇಲೆ ಅದು ಬೀಳಲಿ ಎಂಬುದೊಂದೇ ಅವಳ ಆಸೆ.

ಮೊದಲು ಹೋದವನು ಇನಾಸ. ಪಾದ್ರಿಯಿಲ್ಲದ ಊರು. ನೆರೆಯವರೇ ಗುಂಡಿ ತೋಡಿ, ದೇಹವನ್ನಿಳಿಸಿ, ಮುಂದೇನೆಂದು ತಿಳಿಯದೆ ದೂರ ಸರಿದು ನಿಂತರು. ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕಿ ಕಳಿಸಿಕೊಡುವುದು ಸೆರಪಿನಳ ನಾಡಿನ ಪದ್ಧತಿ. ಒಂದೇ ಕೈಯ ಮಣ್ಣು ಬಿದ್ದವನು ಪರದೇಶಿಯಾಗಿಯೇ ಹೋಗುತ್ತಾನೆಂದು ಅವಳ ಅಜ್ಜಿ ಹೇಳುತ್ತಿದ್ದಳು. ಬೇರೆ ದೇವರ ಜನರನ್ನು ಅದಕ್ಕಾಗಿ ಕೇಳುವುದು ಹೇಗೆ? ಸೆರಪಿನ ಗಂಟು ಬಿಚ್ಚಿ, ತನಗೆಂದು ಚಿಟಿಕೆಯನ್ನೂ ಉಳಿಸಿಕೊಳ್ಳದೆ ಗಂಡನ ಮೇಲೆ ಸುರಿದಳು.

ಈ ಊರಲ್ಲೆಲ್ಲೂ ಇಲ್ಲದ ಆ ಕೆಂಪು ಮಣ್ಣನ್ನು ಕಂಡವರು ತಮ್ಮೊಳಗೇ ಪಿಸುಗುಟ್ಟಿ, ಒಬ್ಬೊಬ್ಬರಾಗಿ ಹೊರಟುಹೋದರು. ಬಯಲಲ್ಲಿ ಉಳಿದವಳು ಅವಳೊಬ್ಬಳೇ. ಬೇರೆ ಪುಣ್ಯಕ್ಷೇತ್ರಗಳ ಕಥೆಗಳಲ್ಲಿ ಇಂಥ ಗಳಿಗೆಯಲ್ಲಿ ಅಶರೀರವಾಣಿ ಕೇಳಿಬರುತ್ತದೆ. ಇಲ್ಲಿ ಬಹಳ ಹೊತ್ತಿನ ಮೇಲೆ ಕೇಳಿಬಂದದ್ದು ಕುಂಬಾರರ ಸಣ್ಣೀರಮ್ಮನ ಗದರಿಕೆ.

“ಬೇಗ ಕಾಲು ಹಾಕು ಮೌಲಣ್ಣ! ಪಿಂಜಾರರ ಮನೇಲಿ ಹತ್ತಿ ಬಿಟ್ರೆ ಮಣ್ಣೂ ಇತ್ತಾ?”

“ನಿನ್ನ ಮಡಕೇನೇ ಕುಟ್ಟಿ ತಂದೀನಿ ಕಣವ್ವ, ಸುಮ್ನೆ ನಡಿ!” ಎಂದ ಹತ್ತಿ ಎಕ್ಕುವ ಮೌಲಣ್ಣ.

ಅವರ ಹಿಂದೆ ಓಣಿ ಓಣಿಯೇ ಬರುತ್ತಿತ್ತು. ಒಬ್ಬರ ಸೆರಗಿನಲ್ಲಿ ಹಿತ್ತಿಲ ಕಪ್ಪು ಮಣ್ಣು, ಒಬ್ಬರ ಮೊರದಲ್ಲಿ ಗೋಡೆಗೆ ಬಳಿಯುವ ಬಿಳಿಮಣ್ಣು.

“ಯಾಕವ್ವ ಹಂಗೆ ನೋಡ್ತೀಯ?” ಎಂದಳು ಸಣ್ಣೀರಮ್ಮ. “ಅವರವರ ಮನೆ ಮಣ್ಣೇ ಆಗ್ಬೇಕು ಅಂತ ಮೊದ್ಲೇ ಹೇಳೋದಲ್ವಾ? ಬರಿಗೈಲಿ ಬಂದು ನಿಂತಿದ್ವಲ್ಲ!”

ಗುಂಡಿಯ ಪಕ್ಕದ ಮಣ್ಣೇ ಸಾಕಿತ್ತೆಂದು ಹೇಳಲು ಬಾಯಿ ತೆರೆದ ಸೆರಪಿನ, ಪಕ್ಕಕ್ಕೆ ಸರಿದು ಅವರಿಗೆ ದಾರಿ ಬಿಟ್ಟಳು.

ಅವಳು ಮತ್ತೆ ಘಟ್ಟ ಇಳಿಯಲಿಲ್ಲ. ಬರಿದಾದ ಬಟ್ಟೆಯನ್ನು ಮಡಿಸಿ ತಲೆಯಡಿಗಿಟ್ಟುಕೊಂಡು ಮಲಗುತ್ತಿದ್ದಳು. ಅವಳು ತೀರಿಕೊಂಡ ದಿನ ಎಲ್ಲ ಓಣಿಗಳ ಮಣ್ಣೂ ಅವಳ ಮೇಲೆ ಬಿತ್ತು, ಕೆಂಪೊಂದನ್ನು ಬಿಟ್ಟು.

ಪಡುಗೋಡೆಯ ಬಳಿ ಬಣ್ಣಬಣ್ಣದ ಪದರಗಳಾಗಿ ಇಂದಿಗೂ ಕಾಣುವ ದಿಬ್ಬ ಆ ದಂಪತಿಗಳದೇ. ನವೆಂಬರಿನ ಸಕಲ ಮೃತರ ದಿನದಂದು ಎಲ್ಲ ಮತದವರೂ ಮನೆಯ ಹಿಡಿಮಣ್ಣನ್ನು ಇಲ್ಲಿಗೆ ತರುತ್ತಾರೆ. ದೂರದಿಂದ ಬಂದು ಈ ಊರಲ್ಲಿ ನೆಲೆಸಿದವರು ಮಾತ್ರ ಹುಟ್ಟೂರಿನ ಮಣ್ಣು ತರಿಸಿ, ಸೆರಪಿನಳ ತಲೆಯ ಕಡೆಗೆ ಇಟ್ಟು ಹೋಗುತ್ತಾರೆ. ಕಡಲ ಕಡೆಯವರು ಯಾರಾದರೂ ಬಂದ ವರ್ಷ, ಆ ತುದಿ ಕೆಂಪಾಗಿರುತ್ತದೆ.