ಒಂದು ಗಂಟು, ಏಳು ಪೆಟ್ಟಿಗೆ

"ಗುರುಗಳೇ, ದೂರ ಹೋಗುವವನು ಏನೇನು ಒಯ್ಯಬೇಕು?"

ಹೀಗೆ ಕೇಳಿದವನು ಶಾಂತವೀರ. ಮಠದಲ್ಲಿ ಅವನ ಓದು ಮುಗಿದಿತ್ತು. ಕಡಲಾಚೆಯ ಬೆಟ್ಟದ ರಾಜ್ಯವೊಂದಕ್ಕೆ ಪಾಠ ಹೇಳಲು ಹೊರಟಿದ್ದ. ಮೊದಲು ಸುಡುಬಿಸಿಲಿನ ಬಯಲು ದಾಟಬೇಕು, ಆಮೇಲೆ ಅರಸರ ಹಡಗಿನಲ್ಲಿ ದೊಡ್ಡವರ ಪಂಕ್ತಿಯಲ್ಲಿ ಕೂರಬೇಕು, ಕೊನೆಗೆ ಹಿಮ ಬೀಳುವ ಬೆಟ್ಟ ಹತ್ತಬೇಕು. ಬೆಳಗಿನಿಂದ ಪೆಟ್ಟಿಗೆ ತುಂಬುತ್ತಲೇ ಇದ್ದ. ಮುಚ್ಚಳ ಕೂರಲಿಲ್ಲವೆಂದು, ತಾಯಿ ಹಳೆಯ ಸೀರೆಗಳನ್ನು ಸೇರಿಸಿ ಹೊಲಿದು ಕಳಿಸಿದ್ದ ಕೌದಿಯನ್ನು ತೆಗೆದು ಹೊಸ್ತಿಲಾಚೆ ಇಟ್ಟಿದ್ದ. ಆದರೂ ಮುಚ್ಚಳ ಕೂತಿರಲಿಲ್ಲ.

ಗುರುಗಳು ಪೆಟ್ಟಿಗೆಯನ್ನೂ ನೋಡಿದರು, ಹೊಸ್ತಿಲನ್ನೂ ನೋಡಿದರು. ಪೆಟ್ಟಿಗೆಯ ಮೇಲೇ ಕೂತುಕೋ, ಕತೆ ಮುಗಿಯುವುದರೊಳಗೆ ಮುಚ್ಚಳವಾದರೂ ಕೂತೀತು ಎಂದು ನಕ್ಕು, ಹೇಳತೊಡಗಿದರು.

ಒಬ್ಬ ವರ್ತಕನಿದ್ದ. ಮನುಷ್ಯ ಒಳ್ಳೆಯವನೇ. ಆದರೆ ನಾಲ್ಕು ಜನ ಏನಂದುಕೊಳ್ಳುತ್ತಾರೋ ಎಂಬ ಚಿಂತೆ ಅವನಿಗೆ ಹಸಿವಿಗಿಂತ ಹೆಚ್ಚು. ಒಬ್ಬಳೇ ಮಗಳು. ಅವಳನ್ನು ಕಡಲಾಚೆ, ಬೆಟ್ಟದಾಚೆಯ ದೊಡ್ಡ ಮನೆತನಕ್ಕೆ ಕೊಟ್ಟಿದ್ದ. ಕೊಟ್ಟ ಮೇಲೆ ನೋಡಿರಲಿಲ್ಲ. ಒಮ್ಮೆ ಅವಳಿಂದ ಹೇಳಿಕೆ ಬಂತು. ತುಂಬಿದ ಬಸುರಿ, ಚೊಚ್ಚಲು. ಹಿಮ ಬಿದ್ದು ದಾರಿ ಮುಚ್ಚುವ ಮೊದಲು ಒಮ್ಮೆ ಅಪ್ಪನ ಮುಖ ನೋಡಬೇಕು ಎಂದಿದ್ದಳು. ವರ್ತಕ ಅಂದೇ ಹೊರಡುವ ಏರ್ಪಾಡು ಮಾಡಿದ.

ಅವನ ಹೆಂಡತಿಗೆ ಮಂಡಿನೋವು, ಅಂಗಳ ದಾಟುವುದೇ ಕಷ್ಟ. ಅವಳು ಗಂಡನಿಗೆ ಒಂದೇ ಒಂದು ಗಂಟು ಕಟ್ಟಿಕೊಟ್ಟಳು. ಉಡಲು ಎರಡು ಪಂಚೆ, ಹೊದೆಯಲು ಒಂದು ಶಾಲು, ಜೊತೆಗೆ ತಾನು ಉಟ್ಟು ಉಟ್ಟು ಹಳೆಯದಾದ ಒಂದು ನೂಲಿನ ಸೀರೆ. ನಮ್ಮ ಕಡೆಯ ಪದ್ಧತಿ ನಿನಗೆ ಗೊತ್ತಲ್ಲ ಶಾಂತವೀರ, ಎಳೆಕೂಸಿಗೆ ಹೊಸ ಬಟ್ಟೆ ಹಾಕುವುದಿಲ್ಲ. ಹೆಸರಿಡುವ ತನಕ ಹಿರಿಯರು ಉಟ್ಟು ಮೆತ್ತಗಾದ ಹಳೆಯ ಬಟ್ಟೆಯಲ್ಲೇ ಸುತ್ತಿ ಮಲಗಿಸುತ್ತಾರೆ. ಏನು ಮರೆತರೂ ಈ ಸೀರೆಯನ್ನು ಮರೆಯಬೇಡಿ ಎಂದು ಅವಳು ಹೇಳಿದಳು.

ವರ್ತಕ ಹೂಂ ಎಂದ. ಅವಳು ಅತ್ತ ಹೋದದ್ದೇ ಗಂಟು ಬಿಚ್ಚಿದ. ಅರಸರ ಹಡಗಿನಲ್ಲಿ ಹೋಗುವವನ ಕೈಯಲ್ಲಿ ಗಂಟೇ! ಬೀಗರ ಎದುರಿಗೆ ಹಳೇ ಸೀರೆಯೇ! ದರ್ಜಿ ಬಂದ, ಹೊಸ ಅಂಗಿಗಳು ಬಂದವು. ಬಿಸಿಲಿಗೆ ಬೇರೆ, ಗಾಳಿಗೆ ಬೇರೆ, ಚಳಿಗೆ ಬೇರೆ, ಹಡಗಿನ ಪಂಕ್ತಿಗೆ ದಿನಕ್ಕೊಂದು ಜರಿಯ ರುಮಾಲು. ಬೀಗರಿಗೆಂದು ಗಾಜಿನ ದೀಪಗಳು. ಎಲ್ಲ ಸೇರಿ ಏಳು ಪೆಟ್ಟಿಗೆಯಾದವು. ಹಳೆಯ ಸೀರೆ ಏನಾಯಿತೆಂದು ಅವನಿಗೂ ನೆನಪಿರಲಿಲ್ಲ.

ಆ ಹಡಗಿನಲ್ಲಿ ಒಂದು ಕಟ್ಟಳೆಯಿತ್ತು. ಹಗಲು ಹೇಗಾದರೂ ಇರಿ, ಸಂಜೆಯ ಊಟಕ್ಕೆ ಮಾತ್ರ ಮೈತುಂಬ ಉಟ್ಟು ಬರಬೇಕು. ಹಡಗಿನ ಯಜಮಾನ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ ಮಾತಾಡಿಸಿ ಒಳಗೆ ಕರೆಯುತ್ತಿದ್ದ. ವರ್ತಕ ದಿನಕ್ಕೊಂದು ವೇಷದಲ್ಲಿ ಹೋದ. ಇಂದು ಕೆಂಪು, ನಾಳೆ ನೀಲಿ, ನಾಡಿದ್ದು ಹಳದಿ.

ಅದೇ ಹಡಗಿನಲ್ಲಿ ಒಬ್ಬ ಹೆಂಗಸಿದ್ದಳು, ತಲೆ ನರೆತವಳು. ಬೆಟ್ಟದಾಚೆ ಅವಳ ತಮ್ಮನ ಮನೆ. ಅವಳ ಸಾಮಾನೆಂದರೆ ಒಂದು ಗಂಟು. ಅದರಲ್ಲಿದ್ದದ್ದು ಒಂದು ನೂಲಿನ ಸೀರೆ, ಒಂದು ಹಸಿರು ರೇಷ್ಮೆ ಸೀರೆ, ಒಂದು ಕಂಬಳಿ. ಹಗಲಿಗೆ ನೂಲು, ಸಂಜೆಗೆ ರೇಷ್ಮೆ. ರೇಷ್ಮೆ ಉಟ್ಟಾಗ ನೂಲಿನದನ್ನು ಒಗೆದು ಹಗ್ಗಕ್ಕೆ ಹಾಕುತ್ತಿದ್ದಳು. ಊಟ ಮುಗಿಸಿ ಬರುವುದರೊಳಗೆ ಕಡಲಗಾಳಿಗೆ ಅದು ಒಣಗಿರುತ್ತಿತ್ತು. ಕಂಬಳಿ ಕೂರಲು ಆಸನ, ಮಲಗಲು ಹಾಸಿಗೆ. ಪಾಪ, ದಿನವೂ ಅದೇ ಹಸಿರು, ಜನ ಏನಂದುಕೊಂಡಾರು ಎಂದು ವರ್ತಕ ಅವಳಿಗಾಗಿ ತಾನೇ ನಾಚಿಕೊಂಡ.

ಜನ ಏನಂದುಕೊಂಡರು ಗೊತ್ತೇ? ಹಸಿರು ಸೀರೆಯಮ್ಮ ಬಂದರು ಎಂದು ಎದ್ದು ಜಾಗ ಬಿಟ್ಟರು. ಅವಳಿಗೆ ಯಾವ ಪೆಟ್ಟಿಗೆಯ ಕಾವಲೂ ಇಲ್ಲ. ಹಗಲೆಲ್ಲ ಜನರ ನಡುವೆ ಕೂತು ಅವರ ಕಷ್ಟಸುಖ ಕೇಳುತ್ತಿದ್ದಳು. ಅಂಬಿಗರಿಂದ ಯಜಮಾನನವರೆಗೆ ಎಲ್ಲರಿಗೂ ಅವಳು ಬೇಕು. ನಮ್ಮ ವರ್ತಕನೋ, ಹಗಲೆಲ್ಲ ಬೀಗದ ಕೈ ಹಿಡಿದು ಪೆಟ್ಟಿಗೆಗಳ ಹತ್ತಿರವೇ ಕೂತಿರುತ್ತಿದ್ದ. ಪಯಣದ ಕೊನೆಯ ಸಂಜೆ ಅವನು ಎಲ್ಲಕ್ಕಿಂತ ಬೆಲೆಬಾಳುವ ರುಮಾಲು ಸುತ್ತಿ ಬಾಗಿಲಿಗೆ ಬಂದಾಗ, ಯಜಮಾನ ಕೈಮುಗಿದು, ತಾವು ಯಾವ ಬಂದರಿನಲ್ಲಿ ಹತ್ತಿದಿರಿ ಎಂದು ವಿಚಾರಿಸಿದ. ದಿನವೂ ಮಾತಾಡಿಸಿ ಒಳಗೆ ಬಿಟ್ಟವನೇ!

ದಡ ಸೇರಿ ಬೆಟ್ಟದ ಬುಡಕ್ಕೆ ಬಂದಾಗ ಚಳಿ ಮೂಳೆ ಕೊರೆಯುತ್ತಿತ್ತು. ಶಿಖರದ ಮೇಲೆ ಆಗಲೇ ಬಿಳಿ ಕಂಡಿತ್ತು. ಹೇಸರಗತ್ತೆಗಳ ತಂಡದವನು ಖಡಾಖಂಡಿತವಾಗಿ ಹೇಳಿಬಿಟ್ಟ. ಇದೇ ಕೊನೆಯ ತಂಡ, ಇನ್ನು ಬೇಸಿಗೆಗೇ ದಾರಿ ತೆರೆಯುವುದು. ಒಂದು ಪ್ರಾಣಿಯ ಮೇಲೆ ಒಬ್ಬರು, ಅವರು ಹೆಗಲಿಗೆ ಹಾಕಿಕೊಳ್ಳುವಷ್ಟು ಸಾಮಾನು. ಪೆಟ್ಟಿಗೆ ಬೇಕಾದವರು ಪೆಟ್ಟಿಗೆಯ ಜೊತೆ ಇಲ್ಲೇ ಇರಬಹುದು.

ಹಸಿರು ಸೀರೆಯಮ್ಮ ಆಗಲೇ ಸಿದ್ಧಳಾಗಿದ್ದಳು. ರೇಷ್ಮೆಯನ್ನು ಮೈಗೆ ಒತ್ತಿ ಉಟ್ಟು, ಅದರ ಮೇಲೆ ನೂಲಿನದನ್ನು ಸುತ್ತಿ, ಎಲ್ಲದರ ಮೇಲೆ ಕಂಬಳಿ ಹೊದ್ದಿದ್ದಳು. ಪಂಕ್ತಿಯಲ್ಲಿ ಮಿಂಚಿದ ಸೀರೆಯೇ ಈಗ ಬೆಚ್ಚಗೆ ಕಾಯುತ್ತಿತ್ತು. ಅವಳ ಗಂಟೇ ಕರಗಿ ಮೈಮೇಲೆ ಬಂದಿತ್ತು. ನೋಡಿ ವರ್ತಕ ಬೆರಗಾದ. ಎಂಥ ಹೆಂಗಸಪ್ಪ ಇವಳು ಎಂದು ಅವನಿಗೆ ಮೊದಲ ಬಾರಿಗೆ ಮನಸಾರೆ ಅನ್ನಿಸಿತು. ಆದರೆ ತಾನು ಮಾತ್ರ ಪೆಟ್ಟಿಗೆಯ ಮೇಲೆ ಕುಸಿದು ಕೂತ. ಬರಿಗೈಯಲ್ಲಿ ಬೀಗರ ಬಾಗಿಲಿಗೆ ಹೋಗುವುದು ಹೇಗೆ? ಹೋಗದಿದ್ದರೆ ಬೇಸಿಗೆಯವರೆಗೆ ಮಗಳ ಮುಖವಿಲ್ಲ. ಚೊಚ್ಚಲ ಹೆರಿಗೆ ಬೇರೆ, ಬೇಸಿಗೆಗೆ ಏನಾಗಿರುತ್ತದೋ.

ಹಸಿರು ಸೀರೆಯಮ್ಮ ಹತ್ತಿರ ಬಂದು ಪೆಟ್ಟಿಗೆಗಳನ್ನೆಲ್ಲ ತೆಗೆಸಿದಳು. ಅವನು ಒಂದೊಂದೇ ಬಟ್ಟೆ ಎತ್ತಿ, ಇದು ಯಜಮಾನನ ಎದುರಿಗೆ, ಇದು ಬೀಗರ ಎದುರಿಗೆ, ಇದು ಅವರ ನೆಂಟರ ಎದುರಿಗೆ ಎಂದು ವಿವರಿಸುತ್ತ ಹೋದ. ಅವಳು ಎಲ್ಲವನ್ನೂ ತಾಳ್ಮೆಯಿಂದ ಕೇಳಿದಳು. ಆಮೇಲೆ ಒಂದೇ ಮಾತು ಕೇಳಿದಳು.

"ಇದರಲ್ಲಿ ನಿಮ್ಮ ಮಗಳು ಗುರುತು ಹಿಡಿಯುವಂಥದ್ದು ಯಾವುದಪ್ಪ?"

ವರ್ತಕ ತಡಕಾಡಿದ. ಎಲ್ಲ ಹೊಸದು, ಎಲ್ಲ ಹೊರಡುವ ಮೊದಲು ಹೊಲಿಸಿದ್ದು. ಏಳನೆಯ ಪೆಟ್ಟಿಗೆಯಲ್ಲಿ ಗಾಜಿನ ದೀಪಗಳು ಒಡೆಯದಿರಲೆಂದು ನಡುವೆ ಏನನ್ನೋ ತುರುಕಿದ್ದ. ಎಳೆದು ನೋಡಿದರೆ ಹೆಂಡತಿ ಕಟ್ಟಿಕೊಟ್ಟಿದ್ದ ಪಂಚೆ, ಶಾಲು, ಅವುಗಳ ನಡುವೆ ಅವಳ ಹಳೆಯ ಸೀರೆ. ಅದನ್ನು ಕೈಯಲ್ಲಿ ಹಿಡಿದು ಆ ದೊಡ್ಡ ವರ್ತಕ ಎಲ್ಲರೆದುರು ಅತ್ತುಬಿಟ್ಟ. ನಾಲ್ಕು ಜನ ಏನಂದುಕೊಂಡಾರು ಎಂದು ಆಗ ಮಾತ್ರ ಅವನಿಗೆ ಹೊಳೆಯಲಿಲ್ಲ.

ಒಂದು ಪಂಚೆ ಉಟ್ಟ, ಇನ್ನೊಂದನ್ನು ತಲೆಗೆ ಸುತ್ತಿದ, ಶಾಲು ಹೊದ್ದ. ಸೀರೆಯನ್ನು ಎದೆಗೆ ಕಟ್ಟಿಕೊಂಡ. ಪೆಟ್ಟಿಗೆಗಳನ್ನು ಅಲ್ಲೇ ಬಿಟ್ಟು ಹತ್ತಿದ. ಅವರ ಹಿಂದೆಯೇ ಹಿಮ ಬಿದ್ದು ದಾರಿ ಮುಚ್ಚಿತು.

ಅವನು ಹೋಗಿ ಮುಟ್ಟಿದಾಗ ಮಗಳಿಗೆ ಹೆರಿಗೆಯಾಗಿತ್ತು. ಗಂಡಾಂತರದ ಹೆರಿಗೆ. ಕೂಸು ಉಳಿದಿತ್ತು, ಬಾಣಂತಿ ಮಾತ್ರ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವಳು ಯಾರು ಕರೆದರೂ ಓಗೊಡುತ್ತಿರಲಿಲ್ಲ, ಗಂಜಿ ಮುಟ್ಟುತ್ತಿರಲಿಲ್ಲ. ಆ ಮನೆಯಲ್ಲಿ ಕೊರತೆಯೇನಿರಲಿಲ್ಲ, ಕೂಸನ್ನು ಸುತ್ತಿದ್ದದ್ದು ಹೊಚ್ಚಹೊಸ ಜರಿಯ ರೇಷ್ಮೆ. ಜರಿ ಚುಚ್ಚಿ ಕೂಸು ಒಂದೇ ಸಮನೆ ಕಿರುಚುತ್ತಿತ್ತು. ವರ್ತಕ ಆ ರೇಷ್ಮೆ ಬಿಡಿಸಿ, ಕೂಸನ್ನು ಹಳೆಯ ಸೀರೆಯಲ್ಲಿ ಸುತ್ತಿ, ಮಗಳ ಪಕ್ಕದಲ್ಲಿ ಮಲಗಿಸಿದ. ಕೂಸು ಸುಮ್ಮನಾಯಿತು. ಸೀರೆಯ ಸೆರಗು ಮಗಳ ಕೆನ್ನೆಗೆ ತಾಗಿತು. ಅವಳು ಅದನ್ನು ಮೂಗಿಗೆ ಹಿಡಿದಳು, ಮೆಲ್ಲಗೆ ಈ ಕಡೆ ತಿರುಗಿದಳು.

"ಅವ್ವನ ಸೀರೆ," ಎಂದಳು. ಆಮೇಲೆ ಅಪ್ಪನನ್ನು ನೋಡಿ, ಹಸಿವು ಎಂದಳು.

ಅಂದು ಬೀಗರಲ್ಲಿ ಒಬ್ಬರಾದರೂ ವರ್ತಕನ ಬಟ್ಟೆ ನೋಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಾಂತವೀರ ಪೆಟ್ಟಿಗೆಯಿಂದ ಎದ್ದು ನಿಂತ. ಹಾಗಾದರೆ ನಾನೂ ಆ ಅಮ್ಮನ ಹಾಗೆ ಎರಡು ಉಡುಪು, ಒಂದು ಕಂಬಳಿ ಒಯ್ದರೆ ಸಾಕೋ ಎಂದು ಮತ್ತೆ ಕೇಳಿದ.

ಗುರುಗಳು ಹೇಳಿದರು: "ಏನು ಒಯ್ಯಲಿ ಎಂದು ನನ್ನನ್ನು ಕೇಳುತ್ತೀಯಲ್ಲ ಮಗು, ಆ ಕೌದಿಯನ್ನು ಹೊಸ್ತಿಲಾಚೆ ಇಡುವಾಗ ಯಾರನ್ನು ಕೇಳಿದ್ದೆ?"

ಶಾಂತವೀರ ಹೊಸ್ತಿಲಾಚೆ ಹೋಗಿ ಕೌದಿಯನ್ನು ಎತ್ತಿಕೊಂಡ.