ನರಿ ಗುಡಿಸಿದ ಹಳದಿ ಧೂಳು

ಒಂದು ಕಾಡಿನಲ್ಲಿ ಪ್ರತಿ ಬೇಸಿಗೆಯ ಕೊನೆಗೆ ಹಳದಿ ಧೂಳು ಬಂದಿಳಿಯುತ್ತಿತ್ತು. ಅದು ಎಲ್ಲೋ ದೂರದ ಮರಳುಗಾಡಿನ ಧೂಳು. ಗಾಳಿಯ ಹೆಗಲೇರಿ, ಕಡಲು ಬೆಟ್ಟಗಳನ್ನು ದಾಟಿ ಬರುತ್ತಿತ್ತು.

ಆ ಕಾಡಿನ ಗೌಜಲಹಕ್ಕಿಗೆ ಈ ಧೂಳೆಂದರೆ ಪಂಚಪ್ರಾಣ. ಅದರಲ್ಲಿ ಹೊರಳಾಡಿದರೆ ರೆಕ್ಕೆಯ ಹೇನುಗಳೆಲ್ಲ ಉದುರಿಹೋಗುತ್ತಿದ್ದವು. ಧೂಳು ಬಿದ್ದ ಕಡೆ ಮಳೆಗಾಲದಲ್ಲಿ ಹುಲ್ಲು ದಟ್ಟವಾಗಿ ಬೆಳೆಯುವುದನ್ನೂ ಅವಳು ಕಂಡಿದ್ದಳು. ಕಾಲಿಲ್ಲ, ರೆಕ್ಕೆಯಿಲ್ಲ, ಆದರೂ ಅಷ್ಟು ದೂರದಿಂದ ಬರುತ್ತದಲ್ಲ ಎಂದು ಪ್ರತಿ ಸಲವೂ ಬೆರಗಾಗುತ್ತಿದ್ದಳು.

ಅದೇ ಕಾಡಿನಲ್ಲಿ ನಯವಾಗಿ ಮಾತಾಡುವ ನರಿಯೊಂದಿತ್ತು. "ಧೂಳು ಮೊಟ್ಟೆಗಳನ್ನು ನುಂಗುತ್ತದೆ. ಮಳೆ ಬಂದು ನೆಲ ತೊಳೆಯುವವರೆಗೂ ನೀವೆಲ್ಲ ಗುಹೆಯಲ್ಲಿರಿ. ಗೂಡುಗಳನ್ನು ನಾನು ಕಾಯುತ್ತೇನೆ," ಎಂದು ಅದು ಎಲ್ಲರನ್ನೂ ನಂಬಿಸಿತ್ತು. ಗೌಜಲಹಕ್ಕಿ ಮಾತ್ರ ಗುಹೆಯ ಬಾಯಲ್ಲಿ ಬಿದ್ದ ಧೂಳಿನಲ್ಲೇ ಹೊರಳಾಡಿಕೊಂಡಿರುತ್ತಿದ್ದಳು. ಪ್ರತಿ ವರ್ಷವೂ ಮೊಟ್ಟೆಗಳು ಮಾಯವಾಗುತ್ತಿದ್ದವು. "ನಾನೊಬ್ಬ ಎಷ್ಟು ಕಡೆ ಅಂತ ನೋಡಲಿ?" ಎಂದು ನರಿ ಕಣ್ಣೊರೆಸಿಕೊಳ್ಳುತ್ತಿತ್ತು.

ಈ ಸಲ ಗೌಜಲಹಕ್ಕಿ ಮೊದಲ ಬಾರಿಗೆ ಮೊಟ್ಟೆಯಿಟ್ಟಿದ್ದಳು. ಧೂಳು ಬಂತು. ಉಳಿದವರು ಅವಳನ್ನೂ ಬಲವಂತವಾಗಿ ಗುಹೆಗೆ ಕರೆದೊಯ್ದರು. ಅವಳಿಗೆ ಅಲ್ಲಿ ಕೂತಲ್ಲಿ ಕೂರಲಾಗಲಿಲ್ಲ; ಎಲ್ಲರಿಗಿಂತ ಹಿರಿಯನಾದ ಮುದಿ ಕರಡಿಯ ಬಳಿ ಬಂದಳು.

"ಮೊಟ್ಟೆ ತಣ್ಣಗಾಗುತ್ತೆ, ಕರಡಿಯಜ್ಜ. ನಾನು ಹೋಗ್ತೀನಿ."

"ಹುಚ್ಚು ಹುಡುಗಿ, ಧೂಳು ನಿನ್ನನ್ನೂ ನುಂಗೀತು."

"ಇರುವೆಯ ಬೆನ್ನ ಮೇಲೆ ಕೂತರೂ ಇರುವೆಗೆ ಭಾರವಾಗದ ಧೂಳು, ಅಜ್ಜ. ಅದು ಮೊಟ್ಟೆ ನುಂಗುತ್ತಾ?"

ಕರಡಿಯಜ್ಜ ತಲೆ ಕೆರೆದುಕೊಂಡು ಎದ್ದ. ಅವನೂ ಅವಳ ಹಿಂದೆಯೇ ಹೊರಟ.

ಹೊರಗೆ ಎಲೆ, ಬಂಡೆ, ನೆಲ ಎಲ್ಲವೂ ಹಳದಿ. ಗೂಡು ಮಾತ್ರ ಬರಿದಾಗಿತ್ತು. ಗೌಜಲಹಕ್ಕಿಯ ಎದೆ ಒಡೆಯಿತು. ಸುತ್ತ ಒಂದು ಹೆಜ್ಜೆಗುರುತೂ ಇರಲಿಲ್ಲ. ಆದರೆ ಹಳದಿ ನೆಲದ ನಡುವೆ ಪೊರಕೆಯಿಂದ ಗುಡಿಸಿದಂಥ ಕಪ್ಪು ಪಟ್ಟೆಯೊಂದು ಗೂಡಿನಿಂದ ಹೊರಟು ನೇರ ನರಿಯ ಬಿಲಕ್ಕೆ ಹೋಗಿತ್ತು. ನರಿ ತನ್ನ ಹೆಜ್ಜೆಗಳನ್ನು ಬಾಲದಿಂದ ಅಳಿಸುತ್ತಾ ಹೋಗಿತ್ತು. ಅಳಿಸಿದ ಜಾಗವೇ ಎದ್ದು ಕಾಣುತ್ತದೆಂದು ಅದಕ್ಕೆ ತೋಚಿರಲಿಲ್ಲ.

ಬಿಲದಲ್ಲಿ ನರಿ ಒಂದೇ ಸಮನೆ ಕೆಮ್ಮುತ್ತಿತ್ತು. ಮೊಟ್ಟೆ ಒಡೆಯದಂತೆ ಬಾಯಿ ಅಗಲಿಸಿ ಹೊತ್ತು ತಂದಿತ್ತಲ್ಲ, ಗಂಟಲ ತುಂಬ ಧೂಳು ಹೊಕ್ಕಿತ್ತು. ಎಂಜಲು ನುಂಗಲೂ ಆಗುತ್ತಿರಲಿಲ್ಲ. ಮೊಟ್ಟೆಗಳು ಮೂಲೆಯಲ್ಲಿ ಇನ್ನೂ ಬೆಚ್ಚಗಿದ್ದವು.

"ಏನಪ್ಪಾ ಇದು?" ಎಂದ ಕರಡಿಯಜ್ಜ.

"ಧೂಳೇ... ತಂದು ಹಾಕಿತು, ಅಜ್ಜ."

"ಹೌದೌದು. ನಿನ್ನ ಬಾಲ ಹಿಡಿದು ನೆಲ ಗುಡಿಸಿದ್ದೂ ಅದೇ ಇರಬೇಕು."

ಅಜ್ಜ ಕೊಟ್ಟ ಒಂದೇ ಏಟಿಗೆ ನರಿ ಬಾಲ ಮುದುರಿಕೊಂಡು ಕಾಡು ಬಿಟ್ಟೋಡಿತು. ಅಜ್ಜ ಮೊಟ್ಟೆಗಳನ್ನು ಅಂಗೈಯಲ್ಲಿಟ್ಟು ಗೂಡಿಗೆ ತಂದ. ಗೌಜಲಹಕ್ಕಿ ಅವುಗಳ ಮೇಲೆ ರೆಕ್ಕೆ ಹರಡಿ ಕೂತಳು. ಅವಳ ಬೆನ್ನ ಮೇಲೆ ಸಣ್ಣಗೆ ಧೂಳು ಉದುರುತ್ತಿತ್ತು.

"ಅಷ್ಟು ದೂರದಿಂದ ಬಂದು ನನ್ನ ಮಕ್ಕಳನ್ನು ಉಳಿಸಿಕೊಟ್ಟೆಯಲ್ಲ, ತಾಯಿ," ಎಂದಳು. ಆ ಧೂಳನ್ನು ಅವಳು ಕೊಡವಿಕೊಳ್ಳಲಿಲ್ಲ.

ನೀತಿ: ಬಾಯಿಲ್ಲದವರ ಮೇಲೆ ತನ್ನ ತಪ್ಪು ಹೊರಿಸುವವನು, ಅದನ್ನು ಮುಚ್ಚಲು ಹೋಗಿಯೇ ಸಿಕ್ಕಿಬೀಳುತ್ತಾನೆ.