ತಲೆಗೆ ಮೂರು ರೊಟ್ಟಿ

"ಕೇಳ್ರಪ್ಪೋ ಕೇಳ್ರಿ! ಮಲ್ಲರಸ ದೊರೆಗಳ ಮೂರು ಒಗಟು ಒಡೆದವನಿಗೆ ಬೇಡಿದ್ದು ಕೊಡ್ತಾರ! ತಪ್ಪಿದವನಿಗೆ ಶೂಲ!"

ಡಂಗುರ ಕೇಳಿದ್ದೇ ತಡ, ಅಂಬಿಗರ ಗಾದಿಲಿಂಗ ಹರಿಗೋಲು ಕಟ್ಟಿ ಅರಮನೆಗೆ ನಡೆದ.

ಈ ಮಲ್ಲರಸ ಕೆಟ್ಟವನೇನಲ್ಲ. ಒಳ್ಳೆಯವನು, ಅದೇ ಫಜೀತಿ! ಒಬ್ಬ ಉಂಡು ತೇಗುವುದು, ಇನ್ನೊಬ್ಬ ಉಪವಾಸ ಮಲಗುವುದು ಬೇಡವೆಂದು ಸಿರಿವಂತರ ಕಣಜ ಒಡೆಸಿದ, ತನ್ನದನ್ನೂ ಸುರಿದ, ತಲೆಗೆ ಮೂರು ರೊಟ್ಟಿ ಎಂದು ಕಟ್ಟಳೆ ಮಾಡಿದ. ತಾನೂ ಮೂರೇ ತಿಂದ. ನಾಲ್ಕನೆಯದು ಯಾರು ತಿಂದರೂ ಸೆರೆ. ಗಾದಿಲಿಂಗನ ಅಕ್ಕ ಹುಲಿಗೆವ್ವ ಹಸಿ ಬಾಣಂತಿ. ಹಸಿವು ತಾಳದೆ ನೆರೆಮನೆಯ ಮುದುಕಿ ಕೊಟ್ಟ ರೊಟ್ಟಿ ತಿಂದು ಸಿಕ್ಕಿಬಿದ್ದಳು. ಈಗ ಕೂಸಿನ ಸಮೇತ ಸೆರೆಯಲ್ಲಿ, ಎದೆಹಾಲು ಬತ್ತುತ್ತಿತ್ತು.

ದೊರೆಗೂ ನೆಮ್ಮದಿಯಿಲ್ಲ. ಎಲ್ಲರಿಗೂ ಸಮ ಕೊಟ್ಟರೂ ಊರಲ್ಲಿ ನಗು ಯಾಕಿಲ್ಲ ಎಂದು ಕೇಳಿದ್ದಕ್ಕೆ ಒಬ್ಬ ಸನ್ಯಾಸಿ ಮೂರು ಒಗಟು ಹೇಳಿ ಹೊರಟುಹೋಗಿದ್ದ. ಕೂತಲ್ಲಿ ಕೂರಲಾರದೆ ದೊರೆ ಸಭೆಯಲ್ಲೇ ಶತಪಥ ಹಾಕುತ್ತಿದ್ದ.

"ಅಳತೆ ಎಲ್ಲರಿಗೂ ಒಂದೇ. ಆದರೂ ಒಬ್ಬನಿಗೆ ಸಾಲದು, ಒಬ್ಬನಿಗೆ ಮಿಗುತ್ತದೆ. ಏನದು?"

"ಆಯಸ್ಸು!" ಎಂದ ಪರದೇಶದ ರಾಜಕುಮಾರ, ಮೀಸೆ ತಿರುವುತ್ತ.

"ಅದು ಎಲ್ಲರಿಗೂ ಎಲ್ಲಿ ಒಂದೇ ಅಳತೆ? ಎಳೆದೊಯ್ಯಿರಿ!"

"ಹೂಳುವ ಆರಡಿ ನೆಲ," ಎಂದರು ಆಸ್ಥಾನ ಪಂಡಿತರೊಬ್ಬರು.

"ಅದು ಮಿಕ್ಕಿತು ಅಂತ ಯಾವ ಹೆಣ ಹೇಳಿತು, ಪಂಡಿತರೇ?" ಅವರನ್ನೂ ಎಳೆದೊಯ್ದರು.

ಆದರೂ ಗಾದಿಲಿಂಗ ಮುಂದೆ ಬಂದ.

"ನಿಮ್ಮ ಮೂರು ರೊಟ್ಟೀನ ಅದು, ಬುದ್ಧಿ. ನಮ್ಮ ಅಕ್ಕಗ ಸಾಲಲಿಲ್ಲ. ಹಲ್ಲಿಲ್ಲದ ಮುದುಕಿಗೆ ಎರಡು ಮಿಕ್ಕವು."

ದೊರೆಯ ಮುಖ ಕಪ್ಪಿಟ್ಟಿತು. "ಎಣಿಸಿ ಸಮ ಮಾಡಿದರೆ ಮುಳುಗುತ್ತದೆ, ನೋಡಿ ಹೆಚ್ಚುಕಡಿಮೆ ಮಾಡಿದರೆ ತೇಲುತ್ತದೆ. ಯಾವುದು?"

"ನನ್ನ ಹರಿಗೋಲು. ಈ ಕಡೆ ನಾಲ್ಕು ಜನ, ಆ ಕಡೆ ನಾಲ್ಕು ಜನ ಅಂತ ತಲೆ ಎಣಿಸಿದರ ಹೊಳಿಪಾಲು. ಆಳಿನ ಮೈ ನೋಡಿ ಕೂಡಿಸಬೇಕ್ರಿ."

"ಬಡಿಸುವವನ ಬುಟ್ಟಿಯಲ್ಲಿಲ್ಲ, ಉಣ್ಣುವವನ ಎಲೆಯಲ್ಲಿಲ್ಲ. ಅದಿಲ್ಲದೆ ಪಂಕ್ತಿ ತಣಿಯದು. ಏನದು?"

ಇದು ಗಾದಿಲಿಂಗನಿಗೆ ಹೊಳೆಯಲೇ ಇಲ್ಲ. ಸೆರೆಮನೆಯ ಕಡೆಯಿಂದ ಕೂಸು ಅಳುವುದು ಕೇಳಿಸಿತು, ಸಣ್ಣಗೆ, ಬಿಟ್ಟು ಬಿಟ್ಟು. ಅಯ್ಯೋ ಶಿವನೇ, ಅದಕ್ಕೇನು ಬೇಕು ಎಂದು ಕೇಳುವವರೂ ಇಲ್ಲವಲ್ಲ ಎಂದು ಅವನ ಕರುಳು ಚುರ್ ಎಂದಿತು. ಆಗ ಸತ್ತ ಅವ್ವ ನೆನಪಾದಳು. ರೊಟ್ಟಿ ಹಾಕಿ ಅವಳು ಹಾಗೇ ಮುಂದೆ ಹೋದದ್ದೇ ಇಲ್ಲ.

"'ಸಾಕೇನು?' ಅನ್ನೋ ಮಾತು, ಬುದ್ಧಿ! ಎಲ್ಲರನ್ನೂ ಒಂದೇ ಪಂಕ್ತಿಯೊಳಗ ಕೂಡಿಸಿದ್ರಿ, ಅದು ದೊಡ್ಡದು. ಆದರ ಸಾಕೇನು ಅಂತ ಯಾರನ್ನೂ ಕೇಳಲಿಲ್ಲ."

ದೊರೆ ಶತಪಥ ನಿಲ್ಲಿಸಿ ಅವನ ಹತ್ತಿರ ಬಂದ. ಆಮೇಲೆ, "ಅರ್ಧ ರಾಜ್ಯ ಬೇಕೇನಪ್ಪಾ?" ಎಂದ.

"ಅದನ್ನ ಕಟ್ಟಿಕೊಂಡು ನಾನೇನು ಮಾಡಲಿ? ಅಕ್ಕನ್ನ ಬಿಡ್ರಿ. ತಪ್ಪು ಹೇಳಿದ ಆ ಇಬ್ಬರನ್ನೂ ಬಿಡ್ರಿ."

ಅಂದೇ ಅರಮನೆಯ ಅಂಗಳದಲ್ಲಿ ಪಂಕ್ತಿ ಕೂತಿತು. ದೊರೆ ತಾನೇ ಬುಟ್ಟಿ ಹಿಡಿದ. ರೂಢಿಯಂತೆ ಹುಲಿಗೆವ್ವನ ಎಲೆಗೆ ಮೂರು ಹಾಕಿ ಮುಂದೆ ಹೋದವನು ತಿರುಗಿ ಬಂದ.

"ಸಾಕೇನವ್ವಾ?"

ಪಕ್ಕದಲ್ಲಿ ಕೂತಿದ್ದ ಮುದುಕಿ ತನ್ನ ಎಲೆ ಮುಚ್ಚಿಕೊಂಡು, "ನನಗ ಒಂದು ಸಾಕಪ್ಪಾ, ನನ್ನವೂ ಅಕಿಗೇ ಹಾಕು," ಎಂದಳು.

ಕೂಸಿಗೆ ಹಾಲೂಡುತ್ತಿದ್ದ ಹುಲಿಗೆವ್ವ ತಲೆಯನ್ನೂ ಎತ್ತಲಿಲ್ಲ. "ಹಾಕು, ಹಾಕು. ಮತ್ತ ಸೆರೆಗೆ ಹಾಕಬ್ಯಾಡ!"

ಇಡೀ ಪಂಕ್ತಿ ಗೊಳ್ಳೆಂದು ನಕ್ಕಿತು. ಬುಟ್ಟಿ ಹಿಡಿದ ದೊರೆಯೂ ನಕ್ಕ, ಕಣ್ಣೊರೆಸಿಕೊಂಡ, ಮುಂದಿನ ಎಲೆಗೆ ಬಾಗಿದ.